ಮೀನಿಗಿಂತ ಮುಂಚಿನ ಖಾಲಿ ಗೋಡೆ

ಕಲ್ಯಾಣದುರ್ಗದ ಒಂದು ಹುಡುಗಿಯರ ಹೈಸ್ಕೂಲಿಗೆ ನಾನು ನ್ಯಾಚುರಲ್ ಸೈನ್ಸ್ ಟೀಚರಾಗಿ ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ನನ್ನೂರು ಕುಂದುರ್ಪಿ ಕಡೆಯ ಹಳ್ಳಿ. ದಿನಾ ಬಸ್ಸಿನಲ್ಲಿ ಓಡಾಡಬಹುದಿತ್ತು, ಆದರೆ ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಸ್ಕೂಲಿನ ಹಿಂದಿನ ಬೀದಿಯಲ್ಲಿ ಕೋಣೆ ಮಾಡಿಕೊಂಡಿದ್ದ ಡ್ರಾಯಿಂಗ್ ಟೀಚರ್ ಜೊತೆ ನಾನೂ ಸೇರಿಕೊಂಡೆ. ಅವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮೊದಲ ವಾರ ಮೇಡಂ ಅಂದೆ, ಆಮೇಲೆ ಅಕ್ಕ ಅಂದೆ. ಕೊನೆಯವರೆಗೂ ಅದೇ ಉಳಿಯಿತು.

ಅಕ್ಕ ಹಿಂದೂಪುರದ ನೇಕಾರರ ಮನೆಯವರು. ಹುಡುಗಿಯಾಗಿದ್ದಾಗ ಅಪ್ಪನ ಮಗ್ಗಕ್ಕೆ ಸೀರೆಯ ಅಂಚಿನ ಡಿಸೈನನ್ನು ಗ್ರಾಫ್ ಕಾಗದದ ಮೇಲೆ ಬರೆದುಕೊಡುತ್ತಿದ್ದವರು. ಮದುವೆಯಾಗಿ ಸ್ವಲ್ಪ ಕಾಲಕ್ಕೇ ಗಂಡ ತೀರಿಕೊಂಡರು. ವಾಪಸ್ಸು ಬಂದು, ಅಣ್ಣನ ಮನೆಯಲ್ಲಿದ್ದುಕೊಂಡೇ ಡ್ರಾಯಿಂಗ್ ಪರೀಕ್ಷೆಗಳನ್ನು ಪಾಸು ಮಾಡಿ ನೌಕರಿ ಹಿಡಿದಿದ್ದರು. ಶನಿವಾರ ಮಧ್ಯಾಹ್ನ ಹಿಂದೂಪುರಕ್ಕೆ ಹೋಗಿ ಸೋಮವಾರ ಬರುವರು. ಬರುವಾಗ ಅತ್ತಿಗೆ ಕಟ್ಟಿಕೊಟ್ಟ ಕಡಲೆಕಾಯಿ ಚಟ್ನಿಪುಡಿ ನಮ್ಮಿಬ್ಬರಿಗೂ ವಾರಪೂರ್ತಿ ಆಗುತ್ತಿತ್ತು.

ಗಡಿಯ ಊರಾದ್ದರಿಂದ ಪಾಠವೆಲ್ಲ ತೆಲುಗಿನಲ್ಲಿ, ಸ್ಟಾಫ್ ರೂಮಿನ ಮಾತು ಅರ್ಧ ತೆಲುಗು ಅರ್ಧ ಕನ್ನಡ. ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಪಳೆಯುಳಿಕೆಗಳ ಬಗ್ಗೆ ಇದ್ದದ್ದು ಅರ್ಧ ಪುಟ. ಜೊತೆಗೊಂದು ಮಸಿ ಹತ್ತಿದ ಚಿತ್ರ. ಅದು ಮೀನಿನ ಮುಳ್ಳೋ ಬಾಚಣಿಗೆಯೋ ನನಗೇ ಗೊತ್ತಾಗುತ್ತಿರಲಿಲ್ಲ. ಅಕ್ಕನಿಗೆ ತೋರಿಸಿದೆ. ಅವರು ಪುಸ್ತಕವನ್ನು ಕಿಟಕಿಯ ಹತ್ತಿರ ಹಿಡಿದು ನೋಡಿ, "ಇದನ್ನ ತೋರ್ಸಿ ಏನ್ ಪಾಠ ಮಾಡ್ತೀಯ? ಕೈಯಾಗೆ ಮಾಡ್ಸಾನ ಬಿಡು" ಅಂದರು.

ಮಾರನೆಯ ದಿನ ಹುಡುಗಿಯರಿಗೆ ಕೆರೆಯ ಜೇಡಿಮಣ್ಣು ತರಲು ಹೇಳಿದೆವು. ಮಣ್ಣನ್ನು ರೊಟ್ಟಿಯ ಹಾಗೆ ತಟ್ಟಿ, ಮೇಲೆ ಬೇವಿನ ಎಲೆ, ಹುಣಸೆ ಎಲೆ, ಶಂಖದ ಹುಳುವಿನ ಚಿಪ್ಪು ಒತ್ತಿ ತೆಗೆದರೆ ಅಚ್ಚು ಬೀಳುತ್ತಿತ್ತು. ಅದರೊಳಕ್ಕೆ ಅಕ್ಕ ಪ್ಲಾಸ್ಟರ್ ಕಲಸಿ ಹೊಯ್ದರು. ಒಣಗಿದ ಮೇಲೆ ಮಣ್ಣು ಕಿತ್ತರೆ ಬಿಳಿಯ ಕಲ್ಲಿನ ಎಲೆ. ನರಗಳು ಕೂಡ ಮೂಡಿದ್ದವು. ನಾನು ವಿವರಿಸಿದೆ: ಎಲೆಯೋ ಮೀನೋ ಸತ್ತ ಕೂಡಲೇ ಕೆಸರಿನಲ್ಲಿ ಹೂತುಹೋಗಬೇಕು. ಗಾಳಿ ತಗುಲಿದರೆ ಕೊಳೆಯುತ್ತದೆ, ನಾಯಿ ನರಿ ಕಂಡರೆ ತಿನ್ನುತ್ತವೆ. ಹೂತದ್ದರ ಮೇಲೆ ಇನ್ನಷ್ಟು ಕೆಸರು ಕೂತು, ಆ ಭಾರಕ್ಕೆ ಕೆಳಗಿನದು ಗಟ್ಟಿಯಾಗಿ, ನೀರಿನಲ್ಲಿ ಕರಗಿದ ಖನಿಜ ಒಳಗೆಲ್ಲ ಇಳಿದು, ಮೂಳೆಯ ಜಾಗದಲ್ಲಿ ಕಲ್ಲು ನಿಲ್ಲುತ್ತದೆ. ಕೆಳಗಿನ ಪದರ ಹಳೆಯದು, ಮೇಲಿನ ಪದರ ಹೊಸದು. ಪದರಗಳನ್ನು ಕೆಳಗಿನಿಂದ ಓದಿಕೊಂಡು ಬಂದರೆ ಯಾವ ಜೀವಿ ಮೊದಲು ಬಂತು, ಯಾವುದು ಆಮೇಲೆ ಬಂತು ಅನ್ನುವುದು ತಿಳಿಯುತ್ತದೆ.

ಆಗ ಸೆಟ್ಟೂರು ಕಡೆಯ ಒಬ್ಬ ಹುಡುಗಿ ಎದ್ದು ನಿಂತು, ನಮ್ಮೂರಲ್ಲೂ ಇಂಥವು ಇವೆಯಾ ಅಂತ ಕೇಳಿದಳು. ಇರಬೇಕು, ಹುಡುಕೋಣ ಅಂದೆ. ಆ ಉತ್ತರದಿಂದಲೇ ಇದೆಲ್ಲ ಶುರುವಾಯಿತು.

ಒಂದು ತಿಂಗಳು ನನ್ನ ಮೇಜಿನ ಮೇಲೆ ಕಲ್ಲಿನ ರಾಶಿ. ಬಿಳಿ ಬೆಣಚುಕಲ್ಲು, ಸುಣ್ಣದ ಉಂಡೆ, ಕಬ್ಬಿಣದಷ್ಟು ಭಾರದ ಕರಿಕಲ್ಲು, ಒಂದು ಎಮ್ಮೆಯ ಹಲ್ಲು. ನಾನೂ ಅಕ್ಕನೂ ಭಾನುವಾರ ಊರಾಚೆಯ ಬಂಡೆಗಳ ಸುತ್ತ ತಿರುಗಿದೆವು. ಅದಕ್ಕಾಗಿ ಅಕ್ಕ ಆ ತಿಂಗಳು ಹಿಂದೂಪುರಕ್ಕೆ ಹೋಗುವುದನ್ನೇ ಬಿಟ್ಟಿದ್ದರು. ಬಿಸಿಲಿಗೆ ಕಾದ ದುಂಡು ಬಂಡೆಗಳ ಮೇಲೆ ಕೈಯಿಟ್ಟು, ಬಗ್ಗಿ, ತಿರುಗಿ ನೋಡಿದ್ದೇ ಬಂತು. ಕುರಿ ಕಾಯುವವರು ಬಂದು ಏನು ಕಳೆದುಕೊಂಡಿರಿ ಅಂತ ಕೇಳುತ್ತಿದ್ದರು. ಓಲೆ ಬಿದ್ದೋಗೈತೆ ಅಂತ ಅಕ್ಕ ಸುಳ್ಳು ಹೇಳಿದ್ದಕ್ಕೆ, ಪಾಪ, ಒಬ್ಬ ಮುದುಕ ಮಧ್ಯಾಹ್ನದವರೆಗೂ ನಮ್ಮ ಜೊತೆ ಹುಡುಕಿದ.

ಕೊನೆಗೆ ಸಿಕ್ಕಿದ್ದು ಸ್ಕೂಲಿನ ವರಾಂಡದಲ್ಲೇ. ವರಾಂಡಕ್ಕೆ ಹಾಸಿದ್ದದ್ದು ತಾಡಪತ್ರಿ ಕಡೆಯಿಂದ ಲಾರಿಯಲ್ಲಿ ಬರುವ ಬೂದುಬಣ್ಣದ ಚಪ್ಪಡಿ. ಆಯಾ ಬಕೆಟ್ಟು ನೀರು ಹೊಯ್ದು ತೊಳೆದಾಗ, ಒದ್ದೆ ಚಪ್ಪಡಿಯ ಮೇಲೆ ಕಪ್ಪಗೆ ಒಂದು ಗಿಡ ಎದ್ದು ಕಂಡಿತು. ಸಣ್ಣ ಸಣ್ಣ ಕವಲು, ಕವಲಿನಿಂದ ಮತ್ತೆ ಕವಲು, ಥೇಟು ಜರೀಗಿಡ. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಅಕ್ಕನನ್ನು ಕ್ಲಾಸಿನಿಂದ ಕರೆಸಿದೆ. ಅವರು ನೋಡಿ, ವಾಪಸ್ಸು ಹೋಗಿ, ಟ್ರೇಸಿಂಗ್ ಪೇಪರು ತಂದು ಚಪ್ಪಡಿಯ ಮೇಲೆ ಹಾಸಿದರು.

ಆ ಚಿತ್ರ ಬರೆಯಲು ಅವರಿಗೆ ಎರಡು ಸಂಜೆ ಹಿಡಿಯಿತು. ಕಾಗದದ ಒಂದು ಮೂಲೆ ಖಾಲಿ ಉಳಿದಿತ್ತು. ಸೀರೆಯ ಡಿಸೈನು ಬರೆದು ಬೆಳೆದ ಕೈ, ಖಾಲಿ ಮೂಲೆ ಕಂಡರೆ ಸುಮ್ಮನಿರುವುದಿಲ್ಲ. ಪಕ್ಕದ ಚಪ್ಪಡಿಯಲ್ಲಿ ಒಂದರೊಳಗೊಂದು ಬಳೆ ಇಟ್ಟ ಹಾಗೆ ಉಂಗುರದ ಗೆರೆಗಳಿದ್ದವು. ಅದನ್ನೂ ಆ ಮೂಲೆಗೆ ತುಂಬಿದರು.

ಅನಂತಪುರದ ಕಾಲೇಜೊಂದರಲ್ಲಿ ಭೂಗರ್ಭಶಾಸ್ತ್ರದ ಲೆಕ್ಚರರ್ ಒಬ್ಬರಿದ್ದಾರೆ ಅಂತ ನಮ್ಮ ಹೆಡ್‌ಮಿಸ್ಟ್ರೆಸ್ ಹೇಳಿದರು. ಒಂದು ಶನಿವಾರ ಇಬ್ಬರೂ ಬಸ್ಸು ಹತ್ತಿದೆವು. ಅಕ್ಕ ಮದುವೆಮನೆಗೆ ಹೋಗುವವರ ಹಾಗೆ ರೇಷ್ಮೆ ಸೀರೆ ಉಟ್ಟಿದ್ದರು. ಚಿತ್ರವನ್ನು ಸುರುಳಿ ಸುತ್ತಿ ದಾರಿಯುದ್ದಕ್ಕೂ ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು.

ಲೆಕ್ಚರರ್ ಬಳ್ಳಾರಿ ಕಡೆಯವರು, ಕನ್ನಡ ಬರುತ್ತಿತ್ತು. ಚಿತ್ರ ಬಿಚ್ಚಿದ ತಕ್ಷಣ ಅವರ ಮುಖದಲ್ಲಿ ಸಣ್ಣ ನಗು ಬಂತು. ನನಗೆ ಅಲ್ಲೇ ಅರ್ಥವಾಯಿತು.

"ಅಮ್ಮಾ, ಬಹಳ ಚೆನ್ನಾಗಿ ಬರೆದಿದ್ದೀರಿ. ಆದರೆ ಇದು ಗಿಡವಲ್ಲ. ಯಾವತ್ತೂ ಗಿಡವಾಗಿರಲಿಲ್ಲ. ಕಲ್ಲಿನ ಸೀಳಿನಲ್ಲಿ ಖನಿಜದ ನೀರು ಇಳಿದು ಹೀಗೆ ಕವಲೊಡೆದು ಕರೆ ಕಟ್ಟುತ್ತದೆ. ನೋಡಿದವರೆಲ್ಲ ಗಿಡ ಅಂತಲೇ ಅಂದುಕೊಳ್ಳುತ್ತಾರೆ."

ಅಕ್ಕ ಕಾಗದವನ್ನು ಮೆಲ್ಲಗೆ ಸುತ್ತತೊಡಗಿದರು. ಅರ್ಧ ಸುತ್ತಿದಾಗ ಲೆಕ್ಚರರ್ ಅವರ ಕೈ ತಡೆದು, "ಸ್ವಲ್ಪ ಇರಿ. ಈ ಮೂಲೆಯಲ್ಲಿ ಏನು ಬರೆದಿದ್ದೀರಿ?" ಅಂದರು.

"ಅದೇನಿಲ್ಲ ಸಾರ್. ಜಾಗ ಖಾಲಿ ಇತ್ತು, ಪಕ್ಕದ ಬಂಡೆ ಬರೆದ್ಬುಟ್ಟೆ."

"ಸುಮ್ಮನೆ ಬರೆದಿರೋ, ಇದ್ದ ಹಾಗೆ ಬರೆದಿರೋ?"

"ಇದ್ದಂಗೇ ಬರೆದಿದೀನಿ."

ಅವರು ಕುರ್ಚಿ ಎಳೆದು ನಮ್ಮನ್ನು ಕೂರಿಸಿ, ಟೀ ತರಿಸಿದರು. ನೀವು ಹುಡುಕುತ್ತಿದ್ದದ್ದು ಇದು ಅಂದರು. ಅದರ ಹೆಸರು ಸ್ಟ್ರೊಮಟೊಲೈಟ್. ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಆ ಚಪ್ಪಡಿ ಬರುವ ತಾಡಪತ್ರಿ ಕಡೆಯೆಲ್ಲ ಸಮುದ್ರವಿತ್ತಂತೆ. ಅದರ ಆಳವಿಲ್ಲದ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಲೋಳೆಯ ಚಾಪೆಯ ಹಾಗೆ ಹರಡಿಕೊಂಡಿದ್ದವು. ಅಲೆ ತಂದ ಸಣ್ಣ ಮಣ್ಣು ಲೋಳೆಗೆ ಅಂಟಿಕೊಳ್ಳುವುದು, ಬಿಸಿಲು ಬೇಕೆಂದು ಜೀವಿಗಳು ಆ ಮಣ್ಣಿನ ಮೇಲಕ್ಕೆ ಬಂದು ಮತ್ತೆ ಚಾಪೆ ಹಾಸುವುದು, ಮತ್ತೆ ಮಣ್ಣು ಕೂರುವುದು. ಪದರದ ಮೇಲೆ ಪದರ ಹೀಗೇ ಬೆಳೆದು ಕಲ್ಲಾಗಿದೆ. ಆಗ ಮೀನಿಲ್ಲ, ಗಿಡವಿಲ್ಲ, ಹುಳುವೂ ಇಲ್ಲ. ಇವೇ ಎಲ್ಲ. ನಾವು ಉಸಿರಾಡುವ ಆಮ್ಲಜನಕವನ್ನು ಗಾಳಿಗೆ ತುಂಬಿದ್ದೂ ಇಂಥವೇ.

"ನಮ್ಮ ಕಲ್ಯಾಣದುರ್ಗದ ಬಂಡೆಗಳಲ್ಲಿ ಯಾಕೆ ಸಿಗಲಿಲ್ಲ ಸಾರ್?" ಅಂತ ಕೇಳಿದೆ.

"ಕಲ್ಯಾಣದುರ್ಗ, ಹಿಂದೂಪುರ, ರೊದ್ದಂ, ಆ ಕಡೆಯದೆಲ್ಲ ಭೂಮಿಯೊಳಗಿನ ಬೇಗೆಯಲ್ಲಿ ಕರಗಿ, ಬೆಂದು ಗಟ್ಟಿಯಾದ ಕಲ್ಲು. ಅದರಲ್ಲಿ ಜೀವದ ಗುರುತು ಉಳಿಯುವುದಿಲ್ಲ. ಜನ್ಮವಿಡೀ ಹುಡುಕಿದರೂ ಇಲ್ಲ. ಆದರೂ ನೆನಪಿಡಿ, ಜೀವ ಇದ್ದ ಕಡೆಯೂ ಉಳಿಯುವುದು ತೀರಾ ಕಡಿಮೆ. ಸತ್ತದ್ದರಲ್ಲಿ ಬಹುಪಾಲು ಕೊಳೆತು ಹೋಗಿದೆ. ನಮಗೆ ಸಿಕ್ಕಿರುವುದು ಚೂರುಪಾರು."

ತಾಡಪತ್ರಿಯಾಚೆ ಒಂದು ಸಣ್ಣ ಗುಡ್ಡವಿದೆ, ಅಲ್ಲಿ ಇವು ಬೆಳೆದ ಜಾಗದಲ್ಲೇ ನಿಂತಿವೆ, ಸಂಕ್ರಾಂತಿ ರಜೆಯಲ್ಲಿ ಬನ್ನಿ ಕರೆದುಕೊಂಡು ಹೋಗುತ್ತೇನೆ ಅಂದರು. ಊರಿನ ಹೆಸರು, ಬಸ್ಸು ಇಳಿಯುವ ಜಾಗ ಎಲ್ಲ ಹೇಳಿದರು. ವಾಪಸ್ಸು ಬರುವಾಗ ಅಕ್ಕ ಕಿಟಕಿಯ ಹೊರಗೆ ನೋಡುತ್ತಾ ಒಂದೇ ಮಾತು ಹೇಳಿದರು. "ದಿನಾ ಅದನ್ನ ತುಳ್ಕಂಡು ಓಡಾಡಿದೀವಲ್ಲ ಕಣಮ್ಮ."

ಆಮೇಲಿನ ಯೋಚನೆ ಅಕ್ಕನದು. ಅಸೆಂಬ್ಲಿ ನಡೆಯುವ ಅಂಗಳಕ್ಕೆ ಮುಖ ಮಾಡಿ ಒಂದು ಉದ್ದನೆಯ ಗೋಡೆ ಇತ್ತು. ಅದರ ಮೇಲೆ ಭೂಮಿಯ ಜೀವಿಗಳ ಕಥೆಯನ್ನು ಎಡದಿಂದ ಬಲಕ್ಕೆ ಬರೆಯುತ್ತೇನೆ ಅಂತ ಹೆಡ್‌ಮಿಸ್ಟ್ರೆಸ್ ಹತ್ತಿರ ಒಪ್ಪಿಗೆ ಕೇಳಿದರು. ಆ ತಾಯಿ ಒಪ್ಪಿದರು. ಬಣ್ಣವೂ ಬಂತು. ಯಾವುದರ ನಂತರ ಯಾವುದು ಅಂತ ಹೇಳುವುದು ನನ್ನ ಕೆಲಸ, ಬರೆಯುವುದು ಅವರದು. ಸ್ಕೂಲು ಬಿಟ್ಟ ಮೇಲೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಸ್ಟೂಲು ಹತ್ತುತ್ತಿದ್ದರು. ಮೊದಲು ಮೀನು ಬಂತು. ತಲೆಯ ಮೇಲೆ ಗುರಾಣಿಯಂಥ ಎಲುಬಿನ ಮೀನು. ಆಮೇಲೆ ತೆಂಗಿನ ಮರದಷ್ಟು ಎತ್ತರದ ಜರೀಗಿಡಗಳು, ನೀರಿನಿಂದ ಕಾಲು ಹೊರಗಿಡುತ್ತಿರುವ ಒಂದು ಪ್ರಾಣಿ, ಗೋಡೆಯ ನಡುಮಧ್ಯೆ ದೊಡ್ಡ ಹಲ್ಲಿಗಳು, ಬಲತುದಿಯಲ್ಲಿ ಆನೆ. ಡೈನೋಸಾರಿಗೆ ಅಕ್ಕ ಕೊಟ್ಟ ಹಸಿರು ಬಣ್ಣ ಹಿಂದೂಪುರದ ಯಾವುದೋ ಸೀರೆಯ ಒಡಲಿನದು. ಅದರ ಬೆನ್ನ ಮೇಲೆ ಗೋಪುರದ ಅಂಚು ಕೂಡ ಬಂದಿತ್ತು. ಇರಲಿ ಬಿಡು, ಯಾರು ನೋಡಿದವ್ರೆ ಅಂದರು.

ಆದರೆ ಎಡಗಡೆ, ಮೀನಿಗಿಂತ ಮುಂಚೆ, ಎರಡು ಮಾರು ಗೋಡೆಯನ್ನು ಖಾಲಿ ಬಿಟ್ಟರು.

"ಅಕ್ಕ, ಉಂಗುರ ಬರೆದುಬುಡು. ವರಾಂಡದಲ್ಲೇ ಐತಲ್ಲ, ನೋಡ್ಕಂಡು ಬರಿ" ಅಂದೆ.

"ಅದು ಕೊಯ್ದು ಹಾಕಿರೋ ಬಂಡೆ ಕಣಮ್ಮ. ಸೀರೇನ ಮಡಿಕೆಯಾಗೆ ನೋಡಿದಂಗೆ. ಬಿಚ್ಚಿದ್ರೆ ಹೆಂಗೈತೋ ಏನೋ. ಆ ಗುಡ್ಡಕ್ಕೆ ಹೋಗಿ ಕಣ್ಣಾರೆ ನೋಡ್ಕಂಡು ಬತ್ತೀನಿ, ಆಮ್ಯಾಕೆ ಬರೀತೀನಿ."

"ಡೈನೋಸಾರ್ ನೋಡಿದ್ದೀಯಾ ನೀನು?"

"ಅದನ್ನ ಯಾರೋ ಬರೆದವ್ರೆ, ನೋಡ್ಕಂಡು ಬರೆದೆ. ಇದನ್ನ ನಮ್ ಕಡೆ ಯಾರೂ ಬರೆದಿಲ್ಲ. ಮೊದಲ್ನೇದೇ ತಪ್ಪಾಗಬಾರ್ದು."

ಸಂಕ್ರಾಂತಿ ರಜೆಗೆ ಹೋಗಲಾಗಲಿಲ್ಲ. ಹಬ್ಬಕ್ಕೆ ಇನ್ನೂ ಕೆಲವು ದಿನ ಇದೆ ಅನ್ನುವಾಗ ಅಕ್ಕನ ಅಣ್ಣನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು. ನೇಕಾರನಿಗೆ ಬಲಗೈ ಹೋದರೆ ಏನು ಉಳಿಯುತ್ತದೆ? ಅಕ್ಕ ರಜೆಯ ಮೇಲೆ ರಜೆ ಹಾಕಿ ಹಿಂದೂಪುರದಲ್ಲೇ ಉಳಿದರು. ಮುಂದಿನ ವರ್ಷ ನನ್ನ ಮದುವೆಯಾಯಿತು. ಗಂಡ ಹಿಂದೂಪುರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ನೌಕರಿಯಲ್ಲಿದ್ದರು, ನನಗೂ ಅಲ್ಲಿಗೇ ವರ್ಗವಾಯಿತು. ಮಗಳು ಹುಟ್ಟಿದಳು, ಮಗ ಹುಟ್ಟಿದ. ಅಷ್ಟರಲ್ಲಿ ಲೆಕ್ಚರರ್‌ಗೂ ಬೇರೆ ಊರಿಗೆ ವರ್ಗವಾಗಿತ್ತು. ಅಕ್ಕ ಮೊದಲಿನ ಹಾಗೆ ವಾರವೆಲ್ಲ ಕಲ್ಯಾಣದುರ್ಗದ ಅದೇ ಕೋಣೆಯಲ್ಲಿದ್ದು, ಶನಿವಾರ ಬಂದು, ಭಾನುವಾರ ನಮ್ಮ ಮನೆಗೆ ಕಾಫಿಗೆ ಬರುವರು. ಪ್ರತಿ ಸಲವೂ ಆ ಗುಡ್ಡದ ಮಾತು ಬರುತ್ತಿತ್ತು. ಈ ದಸರೆಗೆ ಹೋಗೋಣ ಅನ್ನುವೆವು. ದಸರೆ ಬಂದರೆ ಮಗುವಿಗೆ ಜ್ವರ, ಇಲ್ಲವೇ ಅವರ ಮನೆಯಲ್ಲಿ ಮಗ್ಗ ಮಾರುವ ಗಲಾಟೆ. ಅನಂತಪುರದಿಂದ ಆಚೆಗೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅಷ್ಟು ಹತ್ತಿರದ್ದು ಎಲ್ಲಿಗೆ ಹೋಗುತ್ತದೆ ಅನ್ನುವ ಧೈರ್ಯವಿತ್ತು ನಮಗೆ. ಕೋಟಿ ವರ್ಷ ನಿಂತದ್ದು ಮುಂದಿನ ವರ್ಷಕ್ಕೆ ನಿಂತಿರುವುದಿಲ್ಲವೇ.

ಗುಡ್ಡ ನಿಂತೇ ಇತ್ತು. ಹೋದದ್ದು ಅಕ್ಕನ ಕಣ್ಣು.

ಅದು ಯಾವಾಗ ಶುರುವಾಯಿತೋ ಯಾರಿಗೂ ತಿಳಿಯಲಿಲ್ಲ. ಅವರು ನನ್ನ ಹೊಸ ಸ್ಕೂಲಿಗೂ ಚಾರ್ಟುಗಳನ್ನು ಬರೆದುಕೊಡುತ್ತಿದ್ದರು. ಹೃದಯ, ಹೂವಿನ ಭಾಗಗಳು, ಕಪ್ಪೆಯ ಜೀವನಚಕ್ರ. ವರ್ಷದಿಂದ ವರ್ಷಕ್ಕೆ ಚಿತ್ರಗಳು ಹಾಳೆಯ ನಡುವಿಗೆ ಸರಿದು ಸಣ್ಣದಾಗುತ್ತಾ ಬಂದವು. ಖಾಲಿ ಮೂಲೆ ಸಹಿಸದ ಹೆಂಗಸು ಸುತ್ತಲೂ ಅಷ್ಟಗಲ ಬಿಳಿ ಬಿಡತೊಡಗಿದ್ದರು. ಈಚೆಗೆ ನಿಮ್ಮ ಕೈಗೆ ಅಚ್ಚುಕಟ್ಟು ಬಂದಿದೆ ಅಂತ ಎಲ್ಲರೂ ಹೊಗಳಿದೆವು. ಹಾಳೆಯ ಅಂಚು ಅವರಿಗೆ ಕಾಣುತ್ತಿರಲಿಲ್ಲ. ಅವರೂ ಅದನ್ನು ವಯಸ್ಸು ಅಂದುಕೊಂಡಿದ್ದರು. ಆಮೇಲೆ ಬಾಗಿಲ ಚೌಕಟ್ಟಿಗೆ ಭುಜ ಹೊಡೆಯುವುದು, ಬಸ್ಸಿನ ಮೆಟ್ಟಿಲು ತಪ್ಪುವುದು ಆಯಿತು. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಬಿದ್ದು ಮಂಡಿ ಒಡೆದುಕೊಂಡ ಮೇಲೆ ನನ್ನ ಗಂಡನೂ ನಾನೂ ಬೆಂಗಳೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು.

ಡಾಕ್ಟರು ಒಳ್ಳೆಯವರು, ಮುಚ್ಚಿಡದೆ ಹೇಳಿದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಎಷ್ಟು ದಿನ ಉಳಿಸಬಹುದೋ ನೋಡೋಣ. ಮೊದಲೇ ಬಂದಿದ್ದರೆ ಅಂತ ಒಂದು ಮಾತು ಶುರು ಮಾಡಿ ನಿಲ್ಲಿಸಿದರು. ವಾಪಸ್ಸು ರೈಲಿನಲ್ಲಿ ಬಂದೆವು. ಪೆನುಗೊಂಡೆಗೆ ಹೋಗುವ ಯಾರೋ ಎದುರಿನ ಸೀಟಿನವರು ಸೀಬೆಹಣ್ಣು ಕೊಟ್ಟರೆ ಅಕ್ಕ ತೆಗೆದುಕೊಂಡು, ಕೊನೆಯ ತನಕ ಕೈಯಲ್ಲೇ ಹಿಡಿದುಕೊಂಡಿದ್ದರು.

ಔಷಧಿಯ ಹನಿಗಳು ಎರಡು ಮೂರು ವರ್ಷ ತಳ್ಳಿದವು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅವರಿಗೆ ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿತ್ತು. ನೌಕರಿ ಬಿಟ್ಟು ಹಿಂದೂಪುರಕ್ಕೆ ಬಂದುಬಿಟ್ಟರು.

ಆ ವರ್ಷ ಪಬ್ಲಿಕ್ ಪರೀಕ್ಷೆಯ ಕೆಲಸಕ್ಕೆ ನನ್ನನ್ನು ಕಲ್ಯಾಣದುರ್ಗಕ್ಕೆ ಹಾಕಿದರು. ಹಳೆಯ ಸ್ಕೂಲಿನ ಅಂಗಳಕ್ಕೆ ಕಾಲಿಟ್ಟವಳು ನಿಂತೇಬಿಟ್ಟೆ. ಗೋಡೆ ಬೆಳ್ಳಗಿತ್ತು. ಈ ತುದಿಯಿಂದ ಆ ತುದಿಯವರೆಗೆ ಸುಣ್ಣ. ಹೊಸದಾಗಿ ಬಂದ ಹೆಡ್‌ಮಿಸ್ಟ್ರೆಸ್ ನನ್ನನ್ನು ಕಂಡು ಖುಷಿಯಿಂದಲೇ ಹೇಳಿದರು, ಚಿತ್ರ ಮಾಸಿಹೋಗಿತ್ತು, ಮಳೆಗೆ ಬಣ್ಣ ಇಳಿದು ಪ್ರಾಣಿಗಳಿಗೆ ಮುಖವೇ ಇರಲಿಲ್ಲ, ಅರ್ಧಕ್ಕೆ ನಿಂತಿದ್ದದ್ದು ಬೇರೆ, ಹಾಗಾಗಿ ಒಂದೇ ಸಲ ಹೊಡೆಸಿಬಿಟ್ಟೆ. ಅವರದು ತಪ್ಪು ಅನ್ನಲಾರೆ. ನಾನು ಗೋಡೆಯ ಹತ್ತಿರ ಹೋಗಿ ಓರೆಯಾಗಿ ನೋಡಿದೆ. ದಪ್ಪ ಬಣ್ಣ ಇದ್ದ ಕಡೆ ಸುಣ್ಣದ ಅಡಿಯಿಂದ ಸ್ವಲ್ಪ ಉಬ್ಬು ಕಾಣುತ್ತಿತ್ತು, ಅಷ್ಟೇ.

ಅಕ್ಕನಿಗೆ ಹೇಳಬಾರದು ಅಂದುಕೊಂಡೇ ಅವರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು.

"ಗೋಡೆ ಹೆಂಗೈತೆ?" ಅಂತ ಅವರೇ ಕೇಳಿದರು.

ಸುಳ್ಳು ಬಾಯಿಗೆ ಬರಲಿಲ್ಲ. "ಸುಣ್ಣ ಹೊಡೆಸಿದಾರೆ ಅಕ್ಕ."

ಅವರ ಕೈ ನಿಂತಿತು. "ಆ ಖಾಲಿ ಜಾಗಕ್ಕೂ ಹೊಡೆದವ್ರಾ?" ಅಂದರು.

"ಹೂಂ."

"ಅದಕ್ಕೊಂದು ಬಿಡಬಹುದಾಗಿತ್ತು" ಅಂದು ಮತ್ತೆ ಸುಲಿಯತೊಡಗಿದರು. ನಕ್ಕರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು, "ಆ ಗುಡ್ಡಕ್ಕೆ ಯಾವಾಗ್ ಹೋಗಾನ?" ಅಂತ ಕೇಳಿದರು.

ಒಳಗಿನಿಂದ ಅವರ ಅತ್ತಿಗೆ ಬಂದು, "ನಿಮಗೇನಾಗೈತಮ್ಮ? ಕಣ್ಣು ಕಾಣದೋಳು ಗುಡ್ಡ ನೋಡಾಕೆ ಹೋಯ್ತಾಳಂತೆ" ಅಂದರು.

"ನೋಡಾಕೆ ಯಾರು ಹೋಯ್ತಾರೆ ಅತ್ತಿಗೆ? ಮುಟ್ಟಿ ಬತ್ತೀನಿ."

ಆ ಬೇಸಿಗೆ ರಜೆ ಮುಗಿಯುವ ಮುಂಚೆ ನಾವಿಬ್ಬರೂ ಹೊರಟೆವು. ಅನಂತಪುರದಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮನೆಯಲ್ಲಿ ತಂಗಿ, ಬೆಳಿಗ್ಗೆ ತಾಡಪತ್ರಿಯ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ, ಲೆಕ್ಚರರ್ ಹೇಳಿದ್ದ ಊರಿನಲ್ಲಿ ಇಳಿದೆವು. ಅಲ್ಲಿಂದ ಗುಡ್ಡ ಯಾವುದು ಅಂತ ನನಗೆ ಗುರುತು ಸಿಗಲಿಲ್ಲ. ಸುತ್ತಲೂ ಬಂಡೆ ತೆಗೆದ ಹಳ್ಳಗಳು, ಲಾರಿಗಳು, ಬೂದುಧೂಳು. ಸುಳಿಸುಳಿಯಾಗಿರುವ ಕಲ್ಲು ಎಲ್ಲಿದೆ ಅಂತ ತೆಲುಗಿನಲ್ಲಿ ಕೇಳಿದಾಗ ಕ್ವಾರಿಯ ಮೇಸ್ತ್ರಿಗೆ ಮೊದಲು ಅರ್ಥವಾಗಲಿಲ್ಲ. ಅಕ್ಕ ನೆಲದ ಧೂಳಿನಲ್ಲಿ ಬೆರಳಿನಿಂದ ಬರೆದು ತೋರಿಸಿದರು. ಕಣ್ಣಿಲ್ಲದಿದ್ದರೂ ಗೆರೆ ಒಂದರೊಳಗೊಂದು ಸರಿಯಾಗಿ ಕೂತಿತು.

"ಅದಾ ಅಮ್ಮಾ? ಅದಿ ಪನಿಕಿರಾನಿ ರಾಯಿ" ಅಂದ ಮೇಸ್ತ್ರಿ. ಕೆಲಸಕ್ಕೆ ಬಾರದ ಕಲ್ಲು. ಚಪ್ಪಟೆಯಾಗಿ ಸೀಳುವುದಿಲ್ಲ, ಹಾಗಾಗಿ ಆ ಗುಡ್ಡದ ಏಣನ್ನು ಮುಟ್ಟದೆ ಬಿಟ್ಟಿದ್ದೇವೆ ಅಂತ ಕೈ ತೋರಿಸಿದ.

ಅಷ್ಟು ದೂರ ಅಕ್ಕನನ್ನು ಕೈ ಹಿಡಿದು ನಡೆಸಿಕೊಂಡು ಹೋದೆ. ಏಣಿನ ಮೇಲೆ, ಗಿಡಗಂಟಿಯ ನಡುವೆ, ಅವು ಸಾಲಾಗಿ ನಿಂತಿದ್ದವು. ದೊಡ್ಡ ಎಲೆಕೋಸುಗಳನ್ನು ಒತ್ತೊತ್ತಾಗಿ ಜೋಡಿಸಿದ ಹಾಗೆ. ಮಳೆ ಬಿಸಿಲಿಗೆ ಮೆತ್ತನೆಯ ಪದರ ಸವೆದು ಗಟ್ಟಿ ಪದರ ಉಳಿದು, ಒಂದೊಂದು ಗೆರೆಯೂ ಅಂಚಿನ ಹಾಗೆ ಎದ್ದಿತ್ತು. ಅಕ್ಕನನ್ನು ಕೂರಿಸಿ ಎರಡೂ ಕೈಗಳನ್ನು ಅದರ ಮೇಲೆ ಇರಿಸಿದೆ.

ಅವರ ಬೆರಳುಗಳು ಕೆಳಗಿನ ಪದರದಿಂದ ಹತ್ತಿ, ಬೋರಲು ಹಾಕಿದ ಬಟ್ಟಲಿನ ಹಾಗೆ ಬಾಗಿದ ನೆತ್ತಿಯನ್ನು ದಾಟಿ, ಆ ಕಡೆ ಇಳಿದವು. ಮತ್ತೆ ವಾಪಸ್ಸು ಬಂದವು. ಪಕ್ಕದ್ದಕ್ಕೆ ಹೋದವು.

"ಇದರ ಬಣ್ಣ?"

"ಬೂದಿ. ಅಲ್ಲಲ್ಲಿ ಕಾವಿ ಐತೆ."

"ಬಟ್ಟಲು ಬೋರಲು ಹಾಕಿ ಒಂದರ ಮ್ಯಾಲೊಂದು ಪೇರಿಸಿದಂಗೈತಲ್ಲ. ಉಂಗುರ ಅಲ್ಲ ಇದು."

"ಅಡ್ಡಕ್ಕೆ ಕೊಯ್ದರೆ ಉಂಗುರದಂಗೆ ಕಾಣ್ತದೆ ಅಕ್ಕ."

"ವರಾಂಡದ್ದು ನೋಡಿ ಬರೆದಿದ್ರೆ ತಪ್ಪು ಬರೆದಿರ್ತಿದ್ದೆ ನೋಡು. ಬರೀದೇ ಇದ್ದಿದ್ದೇ ಒಳ್ಳೇದಾತು."

ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು, ಅವರು ನಿಜವಾಗಿ ಹಾಗೇ ನಂಬಿದ್ದರು. ನಾನು ಮಾತ್ರ ಬೇರೆಯೇ ಯೋಚಿಸುತ್ತಿದ್ದೆ. ತಪ್ಪಾದರೂ ಬರೆದಿದ್ದರೆ ಒಂದಷ್ಟು ವರ್ಷ ಹುಡುಗಿಯರು ಅದರ ಮುಂದೆ ನಿಂತು ಪ್ರಾರ್ಥನೆ ಹೇಳುತ್ತಿದ್ದರು. ಯಾರೋ ಒಬ್ಬಳು ಇದೇನು ಅಂತ ಕೇಳುತ್ತಿದ್ದಳು. ಅಕ್ಕ ಕಲ್ಲಿನ ಮೇಲೆ ಕೆನ್ನೆಯನ್ನೂ ಇಟ್ಟು ನೋಡಿದರು. ಕಾದಿತ್ತು, ಆದರೂ ತೆಗೆಯಲಿಲ್ಲ.

ಮೇಸ್ತ್ರಿ ಒಂದು ತುಂಡು ಒಡೆದುಕೊಡಲಾ ಅಂತ ಕೇಳಿದ. ಅಕ್ಕ ಬೇಡ ಅಂದರು. ನಾವು ಬುತ್ತಿ ಬಿಚ್ಚಿ ಅಲ್ಲೇ ಚಿತ್ರಾನ್ನ ತಿಂದೆವು, ಮೇಸ್ತ್ರಿಗೂ ಒಂದು ಎಲೆ ಕೊಟ್ಟೆವು.

ವಾಪಸ್ಸು ತಾಡಪತ್ರಿಯಿಂದ ಅನಂತಪುರದ ಬಸ್ಸಿನಲ್ಲಿ ಕೂತಾಗ ಸಂಜೆಯಾಗುತ್ತಿತ್ತು. ಬಿಸಿಲಲ್ಲಿ ತಿರುಗಿ ನನಗೆ ತಲೆ ಸಿಡಿಯುತ್ತಿತ್ತು. ಅಕ್ಕ ಮಾತ್ರ ಹುರುಪಿನಲ್ಲಿದ್ದರು. ಗೋಡೆಯನ್ನು ಈಗ ಹೇಗೆ ಬರೆಯುತ್ತಿದ್ದೆ ಅಂತ ಎಡದಿಂದ ಹೇಳಲು ಶುರು ಮಾಡಿದರು. ಮೊದಲು ನೀರು ಯಾವ ಬಣ್ಣ, ಅದರಲ್ಲಿ ಈ ಬಟ್ಟಲುಗಳು ಎಷ್ಟು ದೂರಕ್ಕೆ ಹೋಗಬೇಕು, ಮೀನಿನ ಕಡೆಗೆ ಬರುತ್ತಾ ಹೇಗೆ ಕಡಿಮೆಯಾಗಬೇಕು. ಮೀನನ್ನೂ ಈಗ ಬೇರೆ ಥರ ಬರೆಯುತ್ತಿದ್ದರಂತೆ, ಯಾಕಂದರೆ ಮೀನಿಗಿಂತ ಮುಂಚೆ ಇಷ್ಟು ಕಾಲ ಏನೂ ಈಜಾಡದ ನೀರು ಅದು ಅನ್ನುವುದು ಗೊತ್ತಾಗಬೇಕು. ಹಾಗಾಗಿ ಮೊದಲ ಮೀನು ಒಂದೇ ಇರಬೇಕು, ಸಣ್ಣದಾಗಿರಬೇಕು. ನಾನು ಹೂಂ ಹೂಂ ಅನ್ನುತ್ತಿದ್ದೆ. ಬಸ್ಸಿನ ಕುಲುಕಾಟಕ್ಕೆ ಕಣ್ಣು ಎಳೆದುಹೋಯಿತು. ಎಚ್ಚರವಾದಾಗ ಅನಂತಪುರದ ದೀಪಗಳು ಬಂದಿದ್ದವು. ಅಕ್ಕ ಹೇಳುತ್ತಲೇ ಇದ್ದರು, ಆನೆಯ ಹತ್ತಿರ ಬಂದಿದ್ದರು.

ನಿದ್ದೆಯಲ್ಲಿ ತಪ್ಪಿದ್ದನ್ನು ಮತ್ತೊಮ್ಮೆ ಕೇಳಿದರಾಯಿತು ಅಂದುಕೊಂಡೆ. ಮುಂದಿನ ಭಾನುವಾರಗಳಲ್ಲಿ ಮಾತು ಬೇರೆ ಕಡೆಗೆ ಹೋಯಿತು. ಅಣ್ಣನ ಮಗಳ ಕೈಯಲ್ಲಿ ಆ ಕಲ್ಲಿನ ಚಿತ್ರ ಬರೆಸಲು ಅಕ್ಕ ಕೆಲವು ದಿನ ನೋಡಿದರು. ಆ ಹುಡುಗಿಗೆ ಟೈಪಿಂಗ್ ಕ್ಲಾಸಿನ ಹೊತ್ತಾಗುತ್ತಿತ್ತು, ಅಕ್ಕನಿಗೆ ಒಪ್ಪುವ ಗೆರೆ ಬರುತ್ತಿರಲಿಲ್ಲ, ಇಬ್ಬರಿಗೂ ಬೇಸರವಾಗಿ ನಿಂತುಹೋಯಿತು. ಎರಡು ವರ್ಷದ ನಂತರದ ಚಳಿಗಾಲದಲ್ಲಿ ಅಕ್ಕನಿಗೆ ಎದೆನೋವು ಬಂತು. ಸುದ್ದಿ ತಿಳಿದು ನಾನು ಸ್ಕೂಲಿನಿಂದ ಓಡಿಹೋಗುವ ಹೊತ್ತಿಗೆ ಜಗಲಿಯಲ್ಲಿ ಮಲಗಿಸಿದ್ದರು.

ಅಕ್ಕ ತೀರಿಕೊಂಡಾಗಿನ ವಯಸ್ಸನ್ನು ನಾನೀಗ ದಾಟಿದ್ದೇನೆ. ಒಮ್ಮೊಮ್ಮೆ ಮಧ್ಯಾಹ್ನ ಕಣ್ಣು ಮುಚ್ಚಿ, ಬಸ್ಸಿನಲ್ಲಿ ಅವರು ಹೇಳಿದ ಆ ಗೋಡೆಯನ್ನು ಎಡದಿಂದ ನೆನೆಯುತ್ತಾ ಹೋಗುತ್ತೇನೆ. ನೀರಿನ ಬಣ್ಣ ಎಳೆಹಸಿರು, ಪಾಚಿಯದಲ್ಲ, ಎಳನೀರಿನ ಚಿಪ್ಪಿನದು ಅಂದಿದ್ದರು. ಬಟ್ಟಲುಗಳು ಗೋಡೆಯ ಮೂರನೇ ಒಂದು ಪಾಲು. ಆಮೇಲೆ ಒಂಟಿ ಮೀನು. ಅದರ ಬಾಲದ ಹಿಂದೆ ಏನೋ ಒಂದು ಗಿಡವೋ ಹುಳುವೋ ಇರಬೇಕು ಅಂದಿದ್ದರು, ಅದು ಯಾವುದು, ಯಾಕೆ ಅಂತಲೂ ಹೇಳಿದ್ದರು. ಅಲ್ಲಿಂದ ಮುಂದೆ ನನಗೆ ಏನೂ ಸಿಗುವುದಿಲ್ಲ.